ಅಮಾಂಡಾ ಬೆರಿ ಸ್ಮಿತ್: ಹಾಡು, ಸೇವೆ, ತಾಯ್ತನ – ಒಂದು ಪ್ರಕರಣ ಅಧ್ಯಯನ

1860ರ ದಶಕದ ನ್ಯೂಯಾರ್ಕಿನಲ್ಲಿ, ಆಮಿಟಿ ಬೀದಿಯ ಬಾಡಿಗೆ ಮನೆಯೊಂದರಲ್ಲಿ, ಊರವರ ಬಟ್ಟೆ ಒಗೆದು ಸಂಸಾರ ತೂಗಿಸುತ್ತಿದ್ದ ಕಪ್ಪು ಜನಾಂಗದ ಹೆಂಗಸೊಬ್ಬರಿದ್ದರು. ಬೆಳಗಿನ ಆರಕ್ಕೆ ಒಗೆಯುವ ತೊಟ್ಟಿಯ ಮುಂದೆ ನಿಂತರೆ ಕೆಲವೊಮ್ಮೆ ಮರುದಿನ ಬೆಳಗಿನ ಆರರವರೆಗೂ ಅದರ ಮುಂದೆಯೇ ಇರುತ್ತಿದ್ದರು. ಒಗೆತ ಮುಗಿಯಿತೆಂದರೆ ಇಸ್ತ್ರಿಯ ಮೇಜು ಕಾದಿರುತ್ತಿತ್ತು. ಒಲೆಯ ಮೇಲೆ ಕಾಯಿಸಿದ ಇಸ್ತ್ರಿಯನ್ನು ಗಂಜಿ ಹಾಕಿದ ಬಟ್ಟೆಯ ಮೇಲೆ ಒತ್ತುತ್ತಿರುವಾಗ ಕಾಲು ನಿಲ್ಲದಷ್ಟು ನಿದ್ದೆ ಬಂದರೆ, ಕಿಟಕಿಯ ಅಂಚಿಗೆ ತಲೆ ಆನಿಸಿ ನಿಂತಲ್ಲೇ ತೂಕಡಿಸಿ, ಮೊದಲ ಜೋಂಪು ಹರಿದ ಮೇಲೆ ಮತ್ತೆ ಕೆಲಸಕ್ಕೆ ಕೈ ಹಚ್ಚಿ ಬೆಳಗು ಮಾಡುತ್ತಿದ್ದುದನ್ನು ಆಕೆಯೇ ಮುಂದೆ ಬರೆದಿದ್ದಾರೆ. ಆ ಹೆಂಗಸು ಅಮಾಂಡಾ ಬೆರಿ ಸ್ಮಿತ್. ಹತ್ತು ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ಅದೇ ಹೆಂಗಸು ಇಂಗ್ಲೆಂಡಿನ ಕೂಟಗಳಲ್ಲಿ, ಆಮೇಲೆ ಮುಂಬಯಿ ಕಲ್ಕತ್ತಾಗಳಲ್ಲಿ, ಅದರಾಚೆಗೆ ಪಶ್ಚಿಮ ಆಫ್ರಿಕಾದ ಲೈಬೀರಿಯಾದಲ್ಲಿ ಹಾಡಿ, ಪ್ರಾರ್ಥಿಸಿ, ಸುವಾರ್ತೆ ಸಾರುತ್ತಿದ್ದರು. ಯಾವ ಮಿಷನ್ ಸಂಸ್ಥೆಯೂ ಆಕೆಗೆ ಸಂಬಳ ಕೊಟ್ಟಿರಲಿಲ್ಲ, ಯಾವ ಸಭೆಯೂ ಪಾದ್ರಿಯಾಗುವ ಗುರುದೀಕ್ಷೆ ಕೊಟ್ಟಿರಲಿಲ್ಲ.

ಅಮಾಂಡಾ ಅವರ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಆಕೆಯನ್ನು ಹಾಡುಗಾರ್ತಿಯೆಂದೋ ಸುವಾರ್ತಿಕೆಯೆಂದೋ ಮೊದಲು ಪರಿಚಯಿಸಿ, ಐದು ಮಕ್ಕಳನ್ನು ಹೆತ್ತು ನಾಲ್ಕನ್ನು ಮಣ್ಣಿಗಿಟ್ಟ ಸಂಗತಿಯನ್ನು ಪೀಠಿಕೆಯ ಒಂದೆರಡು ಸಾಲುಗಳಲ್ಲಿ ದಾಟಿಬಿಡುತ್ತಾರೆ. ಆ ಕ್ರಮವನ್ನು ತಿರುವುಮುರುವು ಮಾಡಿ, ತಾಯ್ತನದ ಕಡೆಯಿಂದ ಈ ಬದುಕನ್ನು ಓದಿದರೆ ಏನು ಕಾಣುತ್ತದೆ ಎಂಬುದೇ ಈ ಅಧ್ಯಯನದ ವಿಷಯ. ಹಾಗೆ ಓದಿದಾಗ ಆಕೆ ಯಾವಾಗ ಮನೆ ಬಿಟ್ಟು ಹೊರಡಲು ಸಾಧ್ಯವಾಯಿತು, ದೂರದ ದೇಶದಲ್ಲಿ ಪರರ ಮಕ್ಕಳನ್ನು ಯಾಕೆ ಸಾಕಿದರು, ಅರವತ್ತು ದಾಟಿದ ಮೇಲೆ ಕೂಡಿಟ್ಟ ಹಣವನ್ನೆಲ್ಲ ಅನಾಥಾಲಯಕ್ಕೆ ಯಾಕೆ ಸುರಿದರು ಎಂಬ ಪ್ರಶ್ನೆಗಳು ಒಂದೇ ದಾರದಲ್ಲಿ ಸೇರಿಕೊಳ್ಳುತ್ತವೆ. ಆ ದಾರದಲ್ಲಿ ಬಿಡಿಸಲಾಗದ ಒಂದು ಗಂಟೂ ಇದೆ. ಅದನ್ನು ಮರೆಮಾಚುವ ಉದ್ದೇಶ ನನಗಿಲ್ಲ.

ಹಿನ್ನೆಲೆ

ಅಮಾಂಡಾ ಹುಟ್ಟಿದ್ದು 1837ರ ಜನವರಿ 23ರಂದು, ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಲಾಂಗ್ ಗ್ರೀನ್ ಎಂಬಲ್ಲಿ, ಗುಲಾಮಗಿರಿಯಲ್ಲಿ. ತಂದೆ ಸ್ಯಾಮ್ಯುಯೆಲ್ ಬೆರಿ ಒಬ್ಬ ಒಡೆಯರ ಆಳು, ತಾಯಿ ಮರಿಯಮ್ ಬೇರೊಬ್ಬ ಒಡೆಯರ ಆಳು. ಆ ಕಾಲದ ಕಾನೂನಿನಂತೆ ಮಕ್ಕಳು ತಾಯಿಯ ಒಡೆಯರ ಸೊತ್ತು. ಹಗಲೆಲ್ಲ ಒಡತಿಯ ಹೊಲದಲ್ಲಿ ದುಡಿದ ಸ್ಯಾಮ್ಯುಯೆಲ್, ರಾತ್ರಿ ಪೊರಕೆ ಕಟ್ಟಿ, ಜೋಳದ ಸಿಪ್ಪೆಯ ಚಾಪೆ ಹೆಣೆದು ಬಾಲ್ಟಿಮೋರ್ ಪೇಟೆಗೆ ಕಳಿಸುತ್ತಿದ್ದರು. ಸುಗ್ಗಿಯಲ್ಲಿ ತನ್ನ ಪಾಲಿನ ಕೆಲಸ ಮುಗಿಸಿ ಅಕ್ಕಪಕ್ಕದ ಹೊಲಗಳಲ್ಲಿ ನಡುರಾತ್ರಿ ಮೀರಿ ಕೂಲಿ ಮಾಡುತ್ತಿದ್ದರು. ಹೀಗೆ ಬಿಡಿಗಾಸು ಕೂಡಿಸಿ ಮೊದಲು ತಮ್ಮನ್ನು ತಾವೇ ಕೊಂಡುಕೊಂಡರು, ಆಮೇಲೆ ಹೆಂಡತಿ ಮಕ್ಕಳನ್ನು ಬಿಡಿಸಿಕೊಂಡರು. ಮರಿಯಮ್ ಸೇವೆ ಮಾಡುತ್ತಿದ್ದ ಮನೆಯ ಎಳೆಯ ಹೆಣ್ಣುಮಗಳೊಬ್ಬಳು ವಿಷಮಶೀತ ಜ್ವರದಿಂದ ಸಾಯುವ ಮುನ್ನ, ಮರಿಯಮ್‌ಳನ್ನೂ ಮಕ್ಕಳನ್ನೂ ಬಿಡಿಸಿಕೊಳ್ಳಲು ಸ್ಯಾಮ್ಯುಯೆಲ್‌ಗೆ ಒಪ್ಪಿಗೆ ಕೊಡಬೇಕೆಂದು ಮನೆಯವರನ್ನು ಬೇಡಿಕೊಂಡಿದ್ದಳೆಂದು ಅಮಾಂಡಾ ನೆನೆಯುತ್ತಾರೆ. ಮಕ್ಕಳಿಗಾಗಿ ರಾತ್ರಿ ನಿದ್ದೆ ಬಿಟ್ಟು ದುಡಿಯುವುದೆಂದರೆ ಏನೆಂಬುದು, ಆಮಿಟಿ ಬೀದಿಯ ಇಸ್ತ್ರಿ ಮೇಜಿಗಿಂತ ಎಷ್ಟೋ ಮೊದಲೇ, ಈ ಮನೆಯಲ್ಲಿ ಕಂಡ ಪಾಠ.

ಬಿಡುಗಡೆಯಾದ ಕುಟುಂಬ ಪೆನ್ಸಿಲ್ವೇನಿಯಾಕ್ಕೆ ಬಂದು ನೆಲೆಸಿತು. ಅವರ ಮನೆ, ದಕ್ಷಿಣದಿಂದ ತಪ್ಪಿಸಿಕೊಂಡು ಬರುವ ಗುಲಾಮರಿಗೆ ರಾತ್ರಿಯ ಗುಟ್ಟಿನ ತಂಗುದಾಣವೂ ಆಯಿತು. ಹದಿಮೂರು ಮಕ್ಕಳಲ್ಲಿ ಹಿರಿಯವರಾದ ಅಮಾಂಡಾ ಅವರಿಗೆ ಸಿಕ್ಕ ಶಾಲೆ ಎಲ್ಲ ಸೇರಿ ಮೂರೂವರೆ ತಿಂಗಳಿನಷ್ಟು. ಬಿಳಿಯ ಮಕ್ಕಳಿಗೆಲ್ಲ ಪಾಠವಾದ ಮೇಲೆ ಹೊತ್ತು ಉಳಿದರೆ ಕಪ್ಪು ಮಕ್ಕಳ ಸರದಿ. ಓದು ಕಲಿತದ್ದು ಮನೆಯಲ್ಲಿಯೇ. ಅಪ್ಪ ತರುತ್ತಿದ್ದ ಸುದ್ದಿಪತ್ರಿಕೆಗಳಿಂದ ದಪ್ಪ ಅಕ್ಷರಗಳನ್ನು ಕತ್ತರಿಸಿ ತೆಗೆದು, ಕಿಟಕಿಯ ಮೇಲೆ ಹರಡಿ, ಅವನ್ನು ಜೋಡಿಸಿ ಪದ ಮಾಡಿಕೊಡೆಂದು ಅವ್ವನನ್ನು ಕೇಳುತ್ತಿದ್ದರು. ಮನೆ, ಮರ, ನಾಯಿ, ಹಸು ಎಂಬ ಪದಗಳನ್ನು ಮೊದಲ ಸಲ ಓದಿದ ದಿನದ ಹಿಗ್ಗನ್ನು ಆಕೆ ಮುದುಕಿಯಾದ ಮೇಲೂ ಮರೆತಿರಲಿಲ್ಲ. ಈ ಪ್ರಕರಣದಲ್ಲಿ ಮತ್ತೆ ಮತ್ತೆ ಕಾಣುವ ಒಂದು ಚಿತ್ರ ಇಲ್ಲಿಯೇ ಶುರುವಾಗುತ್ತದೆ: ಕೆಲಸದ ನಡುವೆ ನಿಂತ ತಾಯಿ, ಪಕ್ಕದಲ್ಲಿ ಕಲಿಯಲು ಹಪಹಪಿಸುವ ಮಗು.

ಎರಡು ಮದುವೆ, ಐದು ಮಕ್ಕಳು

1854ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಕ್ಯಾಲ್ವಿನ್ ಡಿವೈನ್ ಎಂಬವರೊಡನೆ ಮದುವೆಯಾಯಿತು. ಗಂಡ ಕುಡಿಯುತ್ತಿದ್ದರು. ಅಮಾಂಡಾ ಸಿರಿವಂತರ ಮನೆಗಳಲ್ಲಿ ಅಡುಗೆ ಮಾಡಿ, ಬಟ್ಟೆ ಒಗೆದು ಮನೆ ನಡೆಸಿದರು. ಹುರಿದ ಕೋಳಿಗೂ ಮೇರಿಲ್ಯಾಂಡ್ ಬಿಸ್ಕತ್ತಿಗೂ ಆಕೆಯ ಕೈಯೇ ಆಗಬೇಕೆಂಬಷ್ಟು ಹೆಸರಿತ್ತು. 1856ರ ಮಾರ್ಚಿನಲ್ಲಿ, ದುಡಿಯುತ್ತಿದ್ದ ಮನೆಯ ನೆಲಮಾಳಿಗೆಗೆ ಹೋಗಿ, ಈ ಹೊತ್ತು ಇತ್ಯರ್ಥವಾಗಲೇಬೇಕೆಂದು ಮೊಣಕಾಲೂರಿದಾಗ ತನಗೆ ರಕ್ಷಣೆಯ ನಿಶ್ಚಯ ದೊರೆಯಿತೆಂದು ಆಕೆ ಸಾಕ್ಷಿ ಹೇಳುತ್ತಾರೆ. ಗುಲಾಮಗಿರಿಯ ಪ್ರಶ್ನೆಯ ಮೇಲೆ ಅಮೆರಿಕದ ಉತ್ತರ ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಬಂದಾಗ ಡಿವೈನ್ ಉತ್ತರದ ಸೈನ್ಯ ಸೇರಿದರು; ಹಿಂದಿರುಗಲಿಲ್ಲ. ಈ ಮದುವೆಯ ಎರಡು ಮಕ್ಕಳಲ್ಲಿ ಒಂದು ತೀರಿಕೊಂಡಿತು, ಮೇಜಿ ಎಂಬ ಹೆಣ್ಣುಮಗು ಉಳಿಯಿತು.

ಎರಡನೆಯ ಗಂಡ ಜೇಮ್ಸ್ ಸ್ಮಿತ್, ಮೆಥಡಿಸ್ಟ್ ಎಂಬ ಪ್ರೊಟೆಸ್ಟಂಟ್ ಪಂಥದಲ್ಲಿ ಕಪ್ಪು ಜನರೇ ಕಟ್ಟಿಕೊಂಡ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆಯಲ್ಲಿ ಹುದ್ದೆಯಿದ್ದವರು. ಅವರು ಬೋಧಕರಾಗುತ್ತಾರೆ, ತಾನು ಬೋಧಕರ ಹೆಂಡತಿಯಾಗಿ ದೇವರ ಕೆಲಸದಲ್ಲಿ ಕೈಗೂಡಿಸಬಹುದು ಎಂಬ ಆಸೆಯಿಂದಲೇ ಅಮಾಂಡಾ ಆ ಮದುವೆಗೆ ಒಪ್ಪಿದ್ದರು. ಮದುವೆಯಾದ ಮೇಲೆ ಆ ಮಾತು ಮಾತಾಗಿಯೇ ಉಳಿಯಿತು. 1865ರಲ್ಲಿ ನ್ಯೂಯಾರ್ಕಿಗೆ ಬಂದ ಮೇಲಂತೂ ಗಂಡನಿಗೆ ನಗರದ ಹೊರಗೆ ಕೆಲಸ, ಹೆಂಡತಿಗೆ ಬಾಡಿಗೆ ಮನೆಯಲ್ಲಿ ಒಗೆತ. ಅವರಿಗೆ ಹುಟ್ಟಿದ ಮೂರು ಮಕ್ಕಳೂ ಹಸುಗೂಸಾಗಿರುವಾಗಲೇ ಒಂದರ ಹಿಂದೊಂದು ಹೋದವು. ಬೇಸಿಗೆಯ ಉರಿ, ಕೆಟ್ಟ ನೀರು, ಗಾಳಿಯಾಡದ ಕೋಣೆಗಳು ಸೇರಿ ಆ ನಗರದ ಬಡವರ ಬೀದಿಗಳಲ್ಲಿ ಹಸುಗೂಸುಗಳನ್ನು ನುಂಗುತ್ತಿದ್ದ ಕಾಲವದು. ಕೊನೆಯ ಕೂಸು 1869ರಲ್ಲಿ ಸತ್ತಿತು. ಅದೇ ವರ್ಷದ ನವೆಂಬರಿನಲ್ಲಿ ಜೇಮ್ಸ್ ಸ್ಮಿತ್ ಕೂಡ ತೀರಿಕೊಂಡರು.

ಈ ಎರಡು ಸಾವುಗಳಿಗೆ ಒಂದು ವರ್ಷ ಮೊದಲು, 1868ರ ಸೆಪ್ಟೆಂಬರಿನ ಒಂದು ಭಾನುವಾರ, ಅಮಾಂಡಾ ಗ್ರೀನ್ ಬೀದಿಯ ಮೆಥಡಿಸ್ಟ್ ದೇವಾಲಯಕ್ಕೆ ಹೋಗಿದ್ದರು. ಬಿಳಿಯರ ಸಭೆ, ಆ ದಿನದ ಪ್ರಸಂಗಿ ಜಾನ್ ಇನ್‌ಸ್ಕಿಪ್, ಪಾಪದ ಹಿಡಿತದಿಂದ ಈ ಬದುಕಿನಲ್ಲೇ ಬಿಡುಗಡೆ ಸಾಧ್ಯವೆನ್ನುವ ಪರಿಶುದ್ಧತೆಯ ಉಪದೇಶಕ್ಕೆ ಆ ಕಾಲದಲ್ಲಿ ಹೆಸರಾದವರು. ಉಪದೇಶ ಕೇಳುತ್ತ ಕೂತಾಗ ದೇವರಿಗೆ ಮಹಿಮೆ ಎಂದು ಕೂಗಬೇಕೆಂಬ ಒತ್ತಡ ಎದೆಯಿಂದ ಗಂಟಲಿಗೆ ಬಂತು, ಆದರೆ ಬಾಯಿ ಏಳಲಿಲ್ಲ. ಬಿಳಿಯರ ಬಗ್ಗೆ ತನಗೆ ಯಾವಾಗಲೂ ಒಂದು ಅಂಜಿಕೆ ಇತ್ತು, ಅವರು ಏನಾದರೂ ಕೆಡುಕು ಮಾಡಿಯಾರೆಂಬ ಭಯವಲ್ಲ, ಅವರು ಬಿಳಿಯರಾಗಿ ಅಲ್ಲಿದ್ದರು, ತಾನು ಕಪ್ಪಾಗಿ ಇಲ್ಲಿದ್ದೆ, ಅಷ್ಟೇ ಎಂಬ ಅರ್ಥದ ಮಾತನ್ನು ಆಕೆ ಬರೆಯುತ್ತಾರೆ. ಅಸ್ಪೃಶ್ಯತೆಯನ್ನು ಬಲ್ಲ ನಮ್ಮ ನಾಡಿನ ಓದುಗರಿಗೆ ಈ ‘ಅಲ್ಲಿ’ ಮತ್ತು ‘ಇಲ್ಲಿ’ಗಳ ನಡುವಿನ ದೂರವನ್ನು ವಿವರಿಸಿ ಹೇಳಬೇಕಾಗಿಲ್ಲ. ಕೊನೆಗೂ ಆಕೆ ಕೂಗಿದರು. ಇನ್‌ಸ್ಕಿಪ್ ವೇದಿಕೆಯಿಂದ ಅದಕ್ಕೆ ದನಿಗೂಡಿಸಿದರು. ಹೊರಗೆ ಬರುವಾಗ, ಆಳು ಒಡೆಯ ಎಂಬ ಭೇದವಿಲ್ಲ, ನೀವೆಲ್ಲರೂ ಕ್ರಿಸ್ತನಲ್ಲಿ ಒಂದೇ ಎಂದು ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿರುವ ಮಾತು ತನಗೆ ಮೊದಲ ಸಲ ತಿಳಿಯಿತೆಂದೂ, ಆ ಅಂಜಿಕೆ ಅಲ್ಲಿಗೆ ಕಳಚಿತೆಂದೂ ಹೇಳುತ್ತಾರೆ.

ಇಲ್ಲಿ ಎಚ್ಚರದಿಂದ ಓದಬೇಕಾದ ಒಂದು ಸಂಗತಿಯಿದೆ. ಧಾರ್ಮಿಕ ಜೀವನಚರಿತ್ರೆಗಳು ಈ ಭಾನುವಾರವನ್ನು ತಿರುವೆಂದು ಕರೆದು, ಅಲ್ಲಿಂದ ನೇರವಾಗಿ ಉಜ್ಜೀವನ ಕೂಟಗಳ ವೇದಿಕೆಗೆ ಜಿಗಿಯುತ್ತವೆ. ಕ್ಯಾಲೆಂಡರು ಹಾಗೆ ಹೇಳುವುದಿಲ್ಲ. 1868ರ ಸೆಪ್ಟೆಂಬರಿಗೂ 1870ರ ಬೇಸಿಗೆಗೂ ನಡುವೆ ಒಂದು ಕೂಸಿನ ಮಣ್ಣೂ ಗಂಡನ ಮಣ್ಣೂ ಆಗಿವೆ. ಒಳಗಿನ ಕರೆ 1868ರಲ್ಲೇ ಬಂದಿದ್ದರೂ ಅದಕ್ಕೆ ಓಗೊಟ್ಟು ಊರೂರು ತಿರುಗಲು ಆಕೆಗೆ ಕಾಲು ಬಂದದ್ದು ತೊಟ್ಟಿಲು ಬರಿದಾದ ಮೇಲೆ. ಇದನ್ನು ದೇವರ ಯೋಜನೆ ಎಂದು ಆಕೆ ನಂಬಿದ್ದರು, ಆ ನಂಬಿಕೆಯನ್ನು ಗೌರವಿಸಬೇಕಾದದ್ದೇ. ಆದರೆ ಅಧ್ಯಯನ ಮಾಡುವವರು ಇಷ್ಟನ್ನು ಗುರುತಿಸಲೇಬೇಕು: ಆ ಮೂರು ಕೂಸುಗಳಲ್ಲಿ ಒಂದಾದರೂ ಬದುಕಿದ್ದರೆ ಜಗತ್ತು ಈ ಹಾಡುಗಾರ್ತಿಯನ್ನು ಕೇಳುತ್ತಿರಲಿಲ್ಲ.

ದನಿ

1870ರಿಂದ ಅಮಾಂಡಾ ಒಗೆತವನ್ನು ಕ್ರಮೇಣ ಕಡಿಮೆ ಮಾಡಿ ಬಯಲು ಕೂಟಗಳಿಗೆ ಹೋಗತೊಡಗಿದರು. ಕಾಡಿನ ಅಂಚಿನಲ್ಲೋ ನದಿಯ ದಂಡೆಯಲ್ಲೋ ಡೇರೆ ಹಾಕಿ, ಹತ್ತು ಹದಿನೈದು ದಿನ ಸಾವಿರಾರು ಜನ ಒಟ್ಟಿಗೆ ಉಳಿದು ಪ್ರಾರ್ಥನೆ ಮಾಡುವ ಪದ್ಧತಿ ಅಮೆರಿಕದ ಮೆಥಡಿಸ್ಟರಲ್ಲಿ ಬಹಳ ಹಳೆಯದು. ಅಂಥ ಕೂಟದಲ್ಲಿ ಸಂಗೀತವೆಂದರೆ ಹಾರ್ಮೋನಿಯಂ ಮುಂದೆ ಕೂತು ಪುಸ್ತಕ ನೋಡಿ ಹಾಡುವುದಲ್ಲ. ಜನರಲ್ಲಿ ಅನೇಕರ ಕೈಯಲ್ಲಿ ಪುಸ್ತಕವಿಲ್ಲ, ಕಪ್ಪು ಜನರಲ್ಲಿ ಬಹುಪಾಲು ಮಂದಿಗೆ ಓದಲು ಬರುವುದೇ ಇಲ್ಲ. ಹಾಡು ಹೇಳುವವರು ಒಂದು ಸಾಲನ್ನು ಎತ್ತಿ ಕೊಡಬೇಕು, ಜನ ಅದನ್ನು ಹಿಡಿದುಕೊಳ್ಳಬೇಕು, ಪಲ್ಲವಿ ಮತ್ತೆ ಮತ್ತೆ ಬರುತ್ತ ಕೂಟದ ಉಸಿರು ಒಂದಾಗಬೇಕು. ನಮ್ಮ ಭಜನೆಯಲ್ಲಿ ಮುಂದಾಳು ಹೇಳಿಕೊಟ್ಟು ಹಿಮ್ಮೇಳ ಎತ್ತಿಕೊಳ್ಳುವುದನ್ನು ಕಂಡವರಿಗೆ ಇದರ ಕಟ್ಟು ಸುಲಭವಾಗಿ ತಿಳಿಯುತ್ತದೆ. ಯಾವಾಗ ಎತ್ತಬೇಕು, ಯಾವಾಗ ಬಿಡಬೇಕು ಎಂಬುದರಲ್ಲಿಯೇ ಅದರ ವಿದ್ಯೆಯೆಲ್ಲ ಇದೆ, ಅದು ಯಾವ ಸಂಗೀತ ಶಾಲೆಯಲ್ಲೂ ಸಿಗುವಂಥದ್ದಲ್ಲ.

ಆ ವಿದ್ಯೆ ಅಮಾಂಡಾ ಅವರಿಗೆ ಎಷ್ಟು ಒಲಿದಿತ್ತೆಂಬುದಕ್ಕೆ ಕಣ್ಣಾರೆ ಕಂಡ ಸಾಕ್ಷಿಯಿದೆ. ಕಲ್ಕತ್ತಾದಲ್ಲಿ ಮೆಥಡಿಸ್ಟ್ ಸಭೆಯನ್ನು ಕಟ್ಟಿದ, ಮುಂದೆ ಬಿಷಪ್ ಆದ ಜೇಮ್ಸ್ ಥೋಬರ್ನ್ 1876ರ ಬೇಸಿಗೆಯಲ್ಲಿ ಸಿನ್ಸಿನಾಟಿಯ ಬಳಿಯ ಎಪ್‌ವರ್ತ್ ಹೈಟ್ಸ್ ಎಂಬಲ್ಲಿನ ಕೂಟಕ್ಕೆ ಹೋಗಿದ್ದರು. ಸರಳ ಬದುಕಿಗೆ ಹೆಸರಾದ ಕ್ರೈಸ್ತ ಪಂಗಡವಾದ ಹಳೆಯ ಕ್ವೇಕರರಂತೆ ತೀರ ಸಾದಾ ಉಡುಪು ತೊಟ್ಟ ಕಪ್ಪು ಹೆಂಗಸೊಬ್ಬರು ಸಣ್ಣ ಗುಂಪಿಗೆ ಸತ್ಯವೇದದ ಪಾಠ ಹೇಳುತ್ತಿದ್ದುದು ಮೊದಲು ಅವರ ಕಣ್ಣಿಗೆ ಬಿತ್ತು. ಆಮೇಲೊಂದು ಕೂಟ ಸಪ್ಪೆಯಾಗಿ ಎಳೆಯುತ್ತಿದ್ದಾಗ, ಎಲ್ಲರೂ ಮೊಣಕಾಲೂರಿ ತಲೆ ಬಗ್ಗಿಸಿದ್ದ ಹೊತ್ತಿನಲ್ಲಿ, ಥೋಬರ್ನ್ ತಲೆಯೆತ್ತಿ ನೋಡುತ್ತಾರೆ: ಆ ಹೆಂಗಸು ಮೊಣಕಾಲ ಮೇಲೆಯೇ ನೆಟ್ಟಗೆ ನಿಂತು, ಎರಡು ಕೈಗಳನ್ನೂ ಚಾಚಿ, ಮುಖವೆಲ್ಲ ಬೆಳಗುತ್ತ, ಯಾರೂ ಕರೆಯದೆ ಯಾರೂ ಹೇಳದೆ ವಿಜಯದ ಹಾಡೊಂದನ್ನು ಎತ್ತಿದ್ದಾರೆ. ಕೂಟದ ಕ್ರಮ ಹೀಗೆ ತಟ್ಟನೆ ಮುರಿದದ್ದಕ್ಕೆ ಮೊದಲು ಬೆಚ್ಚಿದ ತಾವು ಮರುಕ್ಷಣವೇ ಹಾಡಿನಲ್ಲೂ ಹಾಡುವವರಲ್ಲೂ ಮುಳುಗಿಹೋದೆವೆಂದು ಅವರು ಬರೆದಿದ್ದಾರೆ. ವಿಚಾರಿಸಿದಾಗ, ಈಕೆ ಗುಲಾಮಗಿರಿಯಲ್ಲಿ ಹುಟ್ಟಿದವರು, ಬಟ್ಟೆ ಒಗೆದು ಬದುಕಿದವರು ಎಂದು ತಿಳಿಯಿತು.

ಇಷ್ಟಾದರೂ ಅಧಿಕಾರದ ಬಾಗಿಲು ಮುಚ್ಚಿಯೇ ಇತ್ತು. 1872ರಲ್ಲಿ ತನ್ನ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆಯ ಮಹಾಸಮ್ಮೇಳನ ನ್ಯಾಶ್‌ವಿಲ್ಲಿನಲ್ಲಿ ಸೇರಿದಾಗ ಅಮಾಂಡಾ ಸ್ವಂತ ಖರ್ಚಿನಲ್ಲಿ ಹೋದರು. ಸಾದಾ ಉಡುಪಿನ, ಚಾಚು ಟೋಪಿಯ ಈ ಹೆಂಗಸು ಹೆಂಗಸರಿಗೂ ಗುರುದೀಕ್ಷೆ ಬೇಡಲು ಬಂದಿದ್ದಾರೆಂಬ ಗುಸುಗುಸು ಹಬ್ಬಿ, ಬೋಧಕರೂ ಅವರ ಮಡದಿಯರೂ ಮುಖ ತಿರುಗಿಸಿದರು. ಗುರುದೀಕ್ಷೆಯ ಯೋಚನೆಯೇ ತನಗೆ ಬಂದಿರಲಿಲ್ಲ, ತನ್ನನ್ನು ಆರಿಸಿ ನೇಮಿಸಿದವನು ಕರ್ತನೇ ಎಂದು ಆಕೆ ಉತ್ತರಿಸುತ್ತಾರೆ. ಆ ಸಭೆ ಹೆಂಗಸರಿಗೆ ದೀಕ್ಷೆ ಕೊಡಲು ಇಪ್ಪತ್ತನೆಯ ಶತಮಾನದ ನಡುಭಾಗ ಬರಬೇಕಾಯಿತು. ಬಿಳಿಯರ ಕೂಟಗಳಲ್ಲಿ ಬೇರೊಂದು ಬಗೆಯ ಕಷ್ಟ. ಅಲ್ಲಿ ಆಕೆಯನ್ನು ಹಾಡಲು ಕರೆಯುತ್ತಿದ್ದರು, ಡೇರೆಯ ಸುತ್ತ ಗುಂಪುಗೂಡಿ ಪ್ರದರ್ಶನದ ವಸ್ತುವನ್ನು ನೋಡುವಂತೆ ದಿಟ್ಟಿಸುತ್ತಲೂ ಇದ್ದರು. ಬರಿಯ ಇಪ್ಪತ್ತನಾಲ್ಕು ಗಂಟೆ ಕಪ್ಪಾಗಿ ಇದ್ದು ನೋಡಿ, ಎಷ್ಟು ಕೃಪೆ ಬೇಕಾಗುತ್ತದೆಂದು ಆಗ ತಿಳಿದೀತು ಎಂಬರ್ಥದ ಮಾತನ್ನು ಆಕೆ ನಗುನಗುತ್ತಲೇ ಆಡುತ್ತಾರೆ. ಆತ್ಮಕಥೆಯಲ್ಲಿ ನನಗೆ ಎಲ್ಲಕ್ಕಿಂತ ಹರಿತವಾಗಿ ಕಂಡ ಮಾತು ಇದು.

ಮೂರು ತಿಂಗಳು, ಹನ್ನೆರಡು ವರ್ಷ

ಈ ಪ್ರಕರಣದ ಗಂಟು ಬಿಗಿಯಾಗುವುದು 1878ರಲ್ಲಿ. ತಿರುಗಾಟದಿಂದ ದಣಿದ ಅಮಾಂಡಾ ಅವರಿಗೆ ಇಂಗ್ಲೆಂಡಿಗೆ ಹೋಗಿ ಕೂಟಗಳಲ್ಲಿ ಭಾಗವಹಿಸಿ ಬನ್ನಿರೆಂದು ಸ್ನೇಹಿತೆಯೊಬ್ಬರು ಸೂಚಿಸಿದರು. ಮೂರು ತಿಂಗಳ ಮಾತು ಅಷ್ಟೇ ಎಂದುಕೊಂಡು ಹಡಗು ಹತ್ತಿದ ಆಕೆ ಮತ್ತೆ ಅಮೆರಿಕದ ನೆಲ ಮೆಟ್ಟಿದ್ದು 1890ರಲ್ಲಿ. ಬದುಕಿ ಉಳಿದಿದ್ದ ಒಬ್ಬಳೇ ಮಗಳು ಮೇಜಿ, ಆ ಹೊತ್ತಿಗೆ ಬೆಳೆದ ಹೆಣ್ಣು, ಹಿಂದೆ ಉಳಿದಳು.

ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು? ಮಮತೆಯ ತಾಯಿ ಎಂಬ ಬಿರುದಿಗೂ ಹನ್ನೆರಡು ವರ್ಷದ ಅಗಲಿಕೆಗೂ ಹೊಂದಿಕೆಯಾಗುವುದಿಲ್ಲವೆಂದು ಒಬ್ಬರು ವಾದಿಸಬಹುದು. ಮಿಷನರಿ ತಾಯಂದಿರ ಚರಿತ್ರೆಯನ್ನು ನೋಡಿದರೆ ಅಗಲಿಕೆ ಅಪರೂಪವೇನೂ ಅಲ್ಲ. 1834ರಿಂದ ಮಂಗಳೂರಿನಲ್ಲಿ, ಆಮೇಲೆ ಧಾರವಾಡ ಹುಬ್ಬಳ್ಳಿಗಳಲ್ಲಿ ಕೆಲಸ ಮಾಡಿದ ಬಾಸೆಲ್ ಮಿಷನ್ನಿನ ದಂಪತಿಗಳು ತಮ್ಮ ಎಳೆಯ ಮಕ್ಕಳನ್ನು ಓದಿಗಾಗಿ ಯುರೋಪಿಗೆ ಕಳಿಸಿ, ವರ್ಷಗಟ್ಟಲೆ ಕಾಗದದಲ್ಲಷ್ಟೇ ಅವರನ್ನು ಕಾಣುತ್ತಿದ್ದರು. ಆದರೆ ಅವರಿಗೆ ಮಿಷನ್ ಎಂಬ ಸಂಸ್ಥೆಯ ಆಸರೆಯಿತ್ತು. ಮಕ್ಕಳನ್ನು ಇರಿಸಿಕೊಳ್ಳಲು ಮನೆ, ಓದಿಸಲು ಏರ್ಪಾಡು, ದಂಪತಿಗಳಿಗೆ ಸಂಭಾವನೆ ಇದ್ದವು. ಅಮಾಂಡಾ ಅವರಿಗೆ ಇದ್ದದ್ದು ಎರಡೇ: ಒಗೆತದ ಕೂಲಿ, ಕೂಟ ಮುಗಿದ ಮೇಲೆ ಜನ ಕೈಯಲ್ಲಿಡುವ ಕಾಣಿಕೆ. ಮಗಳ ಊಟ, ಬಟ್ಟೆ, ಓದು ನಡೆದದ್ದು ಇವೆರಡರಿಂದಲೇ. ತಾಯ್ತನ ಒಂದು ಕಡೆ, ಸೇವೆ ಇನ್ನೊಂದು ಕಡೆ ಎಂಬ ವಿಂಗಡಣೆ ಸಂಬಳವಿರುವ ಮಿಷನರಿಗೆ ಹೊಂದೀತು. ಹಾಡಿದರೆ ಕಾಣಿಕೆ, ಹಾಡದಿದ್ದರೆ ಒಗೆಯುವ ತೊಟ್ಟಿ ಎಂಬ ಸ್ಥಿತಿಯಲ್ಲಿದ್ದ ವಿಧವೆಗೆ ಅದು ಹೊಂದುವುದಿಲ್ಲ. ಹೀಗೆ ವಿವರಿಸಿದ ಮಾತ್ರಕ್ಕೆ ಮೂರು ತಿಂಗಳು ಹನ್ನೆರಡು ವರ್ಷವಾದದ್ದಕ್ಕೆ ಪೂರ್ತಿ ಸಮಾಧಾನ ಸಿಕ್ಕಿತೆಂದು ನಾನು ಹೇಳಲಾರೆ. ಮೇಜಿಯ ಬಾಯಿಂದ ಬಂದ ಕಥೆ ನಮ್ಮ ಮುಂದೆ ಇಲ್ಲ; ನಾವು ಓದುತ್ತಿರುವುದೆಲ್ಲ ತಾಯಿ ಬರೆದದ್ದು.

1879ರ ಕೊನೆಯಲ್ಲಿ, ಭಾರತದಲ್ಲಿ ಮೊದಲೇ ಕೆಲಸ ಮಾಡಿದ್ದ ಲೂಸಿ ಡ್ರೇಕ್ ಅವರ ಜೊತೆಗೆ, ಅಮಾಂಡಾ ಪ್ಯಾರಿಸ್, ಇಟಲಿ, ಈಜಿಪ್ಟುಗಳ ಹಾದಿಯಾಗಿ ಮುಂಬಯಿಗೆ ಬಂದಿಳಿದರು. ಮುಂಬಯಿ, ನೈನಿತಾಲ್, ಕಲ್ಕತ್ತಾ, ಆಮೇಲೆ ಬರ್ಮಾ. ಸುಮಾರು ಎರಡು ವರ್ಷದ ತಿರುಗಾಟ. ಎಪ್‌ವರ್ತ್ ಹೈಟ್ಸ್‌ನಲ್ಲಿ ಕೇಳಿದ್ದ ಹಾಡನ್ನು ಮರೆಯದಿದ್ದ ಥೋಬರ್ನ್ ಕಲ್ಕತ್ತಾದಲ್ಲಿ ವೇದಿಕೆ ಒದಗಿಸಿದರು. ಹದಿನೇಳು ವರ್ಷ ಆ ನಗರದಲ್ಲಿದ್ದ ತಾನು ಹೆಸರುವಾಸಿಯಾದ ಎಷ್ಟೋ ಅತಿಥಿಗಳನ್ನು ಕಂಡಿದ್ದರೂ, ಅಷ್ಟೊಂದು ಜನರನ್ನು ಸೆಳೆದು ಹಿಡಿದಿಟ್ಟವರು ಇನ್ನೊಬ್ಬರಿಲ್ಲವೆಂದು ಅವರು ಬರೆದರು. ಬಯಲಿನಲ್ಲಿ ಉಪದೇಶ ನಡೆಯುತ್ತಿದ್ದಾಗ ವಿರೋಧಿಗಳ ಗದ್ದಲ ಎದ್ದ ಒಂದು ಸಂಜೆ, ಅಮಾಂಡಾ ಹುಲ್ಲಿನ ಮೇಲೆ ಮೊಣಕಾಲೂರಿ, ಮುಖವೆತ್ತಿ ಪ್ರಾರ್ಥನೆಗೆ ತೊಡಗಿದಾಗ ಗುಂಪು ಸದ್ದಡಗಿ ನಿಂತುದನ್ನೂ ಅವರು ನೆನೆಯುತ್ತಾರೆ. ಆ ಜನರಲ್ಲಿ ಎಷ್ಟು ಮಂದಿಗೆ ಆಕೆಯ ಇಂಗ್ಲಿಷ್ ತಿಳಿದೀತೋ ಹೇಳಲಾಗದು. ಆ ಸಂಜೆ ಕೆಲಸ ಮಾಡಿದ್ದು ಬಹುಶಃ ದನಿಯೇ. ಕ್ರೈಸ್ತ ಸತ್ಯವನ್ನು ಸಾರುವ ಬೋಧಕನಾಗಿ ತನಗೆ ನಿಜಕ್ಕೂ ಉಪಯೋಗಕ್ಕೆ ಬಂದದ್ದನ್ನು ಬೇರೆ ಯಾರಿಂದಲೂ ಇಷ್ಟು ಕಲಿಯಲಿಲ್ಲವೆಂದು, ಓದಿ ಪಳಗಿದ ಆ ಮಿಷನರಿ ಮೂರೂವರೆ ತಿಂಗಳು ಶಾಲೆಗೆ ಹೋದ ಹೆಂಗಸಿನ ಬಗ್ಗೆ ಒಪ್ಪಿಕೊಂಡಿದ್ದಾರೆ.

ಬಾಸ್ಸಾದ ಇಬ್ಬರು ಮಕ್ಕಳು

1882ರ ಆರಂಭದಲ್ಲಿ ಅಮಾಂಡಾ ಲೈಬೀರಿಯಾದ ಮನ್ರೋವಿಯಾ ತಲುಪಿದರು. ಎಂಟು ವರ್ಷದ ಹತ್ತಿರ ಅಲ್ಲಿದ್ದರು. ಅಮೆರಿಕದಿಂದ ಹಿಂದಿರುಗಿದ ಕಪ್ಪು ಜನರು ಕಟ್ಟಿದ ಆ ಗಣರಾಜ್ಯದ ಬಗ್ಗೆ ಅಮೆರಿಕದಲ್ಲಿ ಬಣ್ಣದ ಮಾತುಗಳು ಹರಿದಾಡುತ್ತಿದ್ದವು. ಆಕೆ ಕಂಡದ್ದನ್ನು ಕಂಡಂತೆ ಬರೆದರು: ಕೈಯಲ್ಲಿ ಕಾಸಿಲ್ಲದೆ ಬಂದಿಳಿದು ಜ್ವರದಲ್ಲಿ ನರಳುವ ವಲಸಿಗ ಸಂಸಾರಗಳು, ಮದ್ಯದ ಹಾವಳಿ, ಹೆಣ್ಣುಮಕ್ಕಳ ಓದಿನ ಬಗೆಗಿನ ಅಸಡ್ಡೆ. ಊರೂರಲ್ಲಿ ಮಕ್ಕಳನ್ನು ಸೇರಿಸಿ ಮದ್ಯ ಮುಟ್ಟದ ಪ್ರತಿಜ್ಞೆ ಮಾಡಿಸುವ ಸಂಘಗಳನ್ನು ಕಟ್ಟಿದರು. ತಾನೂ ಮತ್ತೆ ಮತ್ತೆ ಮಲೇರಿಯಾದಲ್ಲಿ ಮಲಗಿ ಎದ್ದರು. 1884ರಲ್ಲಿ ಆಫ್ರಿಕಾದ ಮಿಷನರಿ ಬಿಷಪ್ ಆಗಿ ನೇಮಕಗೊಂಡ ವಿಲಿಯಂ ಟೇಲರ್ ಅವರ ಕೆಲಸದಲ್ಲಿಯೂ ಕೈಗೂಡಿಸಿದರು. ಈ ಟೇಲರ್ ನಮಗೆ ಪೂರ್ತಿ ಅಪರಿಚಿತರಲ್ಲ. 1870ರ ದಶಕದಲ್ಲಿ ಮುಂಬಯಿ, ಕಲ್ಕತ್ತಾ, ಮದರಾಸುಗಳ ಜೊತೆಗೆ ಬೆಂಗಳೂರಿನಲ್ಲೂ ಮೆಥಡಿಸ್ಟ್ ಸಭೆಗೆ ಬುನಾದಿ ಹಾಕಿದವರು ಇವರೇ, ರಿಚ್ಮಂಡ್ ಟೌನಿನ ಸಭೆಯ ಮೂಲವೂ ಅಲ್ಲಿಗೇ ಹೋಗುತ್ತದೆ.

ಆದರೆ ಈ ಅಧ್ಯಯನದ ದೃಷ್ಟಿಯಿಂದ ಲೈಬೀರಿಯಾದ ವರ್ಷಗಳಲ್ಲಿ ದೊಡ್ಡದು ಕೂಟಗಳಲ್ಲ, ಇಬ್ಬರು ಮಕ್ಕಳು. ಬಾಸ್ಸಾ ಜನಾಂಗದ ಫ್ರಾನ್ಸಿಸ್ ಎಂಬ ಹುಡುಗಿಯನ್ನೂ ಬಾಬ್ ಎಂಬ ಹುಡುಗನನ್ನೂ ಅಮಾಂಡಾ ತನ್ನ ಮಕ್ಕಳಾಗಿ ತೆಗೆದುಕೊಂಡು, ಮೈ ತೊಳೆದು, ಬಟ್ಟೆ ತೊಡಿಸಿ, ಕೂರಿಸಿಕೊಂಡು ಅಕ್ಷರ ಕಲಿಸಿದರು. ಐವತ್ತರ ಆಸುಪಾಸಿನ, ಜ್ವರದಿಂದ ಬಳಲಿದ ಹೆಂಗಸು ಹೊಸದಾಗಿ ಕೂಸು ಸಾಕುವ ಉಸಾಬರಿಗೆ ಬೀಳುವುದು ಸಣ್ಣ ಸಂಗತಿಯಲ್ಲ. ಆಫ್ರಿಕಾ ಬಿಡುವಾಗ ಬಾಬ್‌ನನ್ನು ಓದಿಸಲೆಂದು ಇಂಗ್ಲೆಂಡಿಗೆ ಕರೆದೊಯ್ದರು. ಇಲ್ಲಿಯೂ ಪ್ರಶ್ನೆ ಎತ್ತಬಹುದು. ಹೆತ್ತವರ ನುಡಿ, ನೆಲ, ಹೆಸರುಗಳಿಂದ ಮಗುವನ್ನು ಬೇರ್ಪಡಿಸಿ ‘ಬಾಬ್’ ಮಾಡುವುದು ಆ ಕಾಲದ ಮಿಷನ್ ಮನಸ್ಸಿನ ಪಡಿಯಚ್ಚು. ಗುಲಾಮಗಿರಿಯಿಂದ ಬಂದ ಅಮಾಂಡಾ ಕೂಡ ಆ ಅಚ್ಚಿನಿಂದ ಹೊರಗಿರಲಿಲ್ಲ. ಆಫ್ರಿಕಾದ ಪದ್ಧತಿಗಳ ಬಗ್ಗೆ ಆಕೆ ಬರೆದ ಕೆಲವು ಪುಟಗಳನ್ನು ಇಂದು ಓದುವಾಗ ಇರಿಸುಮುರಿಸಾಗುತ್ತದೆ. ಅದೇ ಹೊತ್ತಿಗೆ, ಮಗುವಿನ ಮುಂದೆ ಅಕ್ಷರ ಹರಡಿಕೊಂಡು ಕೂತ ಈ ತಾಯಿಯ ಹಿಂದೆ, ಪೆನ್ಸಿಲ್ವೇನಿಯಾದ ಕಿಟಕಿಯ ಬಳಿ ಪತ್ರಿಕೆಯ ಚೂರುಗಳನ್ನು ಜೋಡಿಸುತ್ತಿದ್ದ ಮರಿಯಮ್ ಕಾಣದೆ ಇರುವುದಿಲ್ಲ.

ಹಾರ್ವಿಯ ಮನೆ

1890ರಲ್ಲಿ ಅಮೆರಿಕಕ್ಕೆ ಮರಳಿದ ಅಮಾಂಡಾ ಕೆಲಕಾಲದ ಮೇಲೆ ಶಿಕಾಗೋದಲ್ಲಿ ನೆಲೆಸಿದರು. 1893ರಲ್ಲಿ ಐನೂರಕ್ಕೂ ಹೆಚ್ಚು ಪುಟಗಳ ಆತ್ಮಕಥೆ ಅಲ್ಲಿಂದಲೇ ಹೊರಬಂತು, ಥೋಬರ್ನ್ ಅವರ ಮುನ್ನುಡಿಯೊಂದಿಗೆ. ಪುಸ್ತಕದ ಮಾರಾಟದಿಂದ ಬಂದದ್ದು, 60ರ ವಯಸ್ಸಿನಲ್ಲೂ ಊರೂರು ತಿರುಗಿ ಹಾಡಿ ಪಡೆದ ಕಾಣಿಕೆ, ಹಿಂದೆ ಉಳಿಸಿದ್ದು, ಎಲ್ಲವನ್ನೂ ಸೇರಿಸಿ ಶಿಕಾಗೋದ ದಕ್ಷಿಣಕ್ಕಿರುವ ಹಾರ್ವಿ ಎಂಬಲ್ಲಿ ಕಪ್ಪು ಮಕ್ಕಳಿಗಾಗಿ ಅನಾಥಾಲಯ ತೆರೆದರು. ಅನಾಥರಾದ ಕಪ್ಪು ಮಕ್ಕಳನ್ನು ಸೇರಿಸಿಕೊಳ್ಳುವ ಮನೆಗಳು ಇಲಿನಾಯ್ ರಾಜ್ಯದಲ್ಲಿ ಅತ್ಯಲ್ಪವಾಗಿದ್ದ ಕಾಲ. 1899ರ ಜೂನ್ 28ರಂದು ಮನೆಯ ಬಾಗಿಲು ತೆರೆದಾಗ ಒಳಗೆ ಬಂದ ಮಕ್ಕಳು ಐದು. ಹೆತ್ತ ಮಕ್ಕಳ ಸಂಖ್ಯೆಯೂ ಅಷ್ಟೇ ಎಂಬುದು ಕಾಕತಾಳೀಯ, ಅದಕ್ಕೆ ಅರ್ಥ ಕಟ್ಟಲು ಹೋಗುವುದಿಲ್ಲ. ಆದರೆ ಆಕೆ ಎಣಿಸದೆ ಇದ್ದಿರಲಾರರು.

ಮನೆ ನಡೆಸುವುದು ಹಾಡಿದಷ್ಟು ಸಲೀಸಾಗಲಿಲ್ಲ. ಮಕ್ಕಳ ಸಂಖ್ಯೆ ಬೆಳೆಯಿತು, ಸಾಲ ಬೆಳೆಯಿತು. ಸಣ್ಣ ಪತ್ರಿಕೆಯೊಂದನ್ನು ಹೊರಡಿಸಿ ಸಹಾಯ ಬೇಡಿದರು. ರಾಜ್ಯದ ಪರಿಶೀಲಕರು ಕಟ್ಟಡದಲ್ಲೂ ಆಡಳಿತದಲ್ಲೂ ಕೊರತೆಗಳನ್ನು ಗುರುತಿಸಿದರು. ಆ ಟೀಕೆಗಳನ್ನು ಬರಿಯ ವರ್ಣದ್ವೇಷವೆಂದು ತಳ್ಳಿಹಾಕುವುದು ಸರಿಯಲ್ಲ. ಕೂಟವೊಂದನ್ನು ಹಿಡಿದು ನಿಲ್ಲಿಸುವ ಶಕ್ತಿಯೇ ಬೇರೆ, ದಿನಾಲೂ ಹತ್ತಾರು ಮಕ್ಕಳಿಗೆ ಊಟ, ಹಾಸಿಗೆ, ಮದ್ದು, ಲೆಕ್ಕಪತ್ರ ನೋಡುವ ಶಕ್ತಿಯೇ ಬೇರೆ. ಮೊದಲನೆಯದಕ್ಕೆ ಆಕೆಗೆ ಯಾರ ನೆರವೂ ಬೇಕಿರಲಿಲ್ಲ. ಎರಡನೆಯದಕ್ಕೆ ಬೇಕಾದ ಕೈಗಳೂ ಹಣವೂ ಆಕೆಯ ಬಳಿ ಎಂದೂ ಸಾಕಷ್ಟು ಇರಲಿಲ್ಲ.

1912ರಲ್ಲಿ, 75ರ ವಯಸ್ಸಿನಲ್ಲಿ, ಆರೋಗ್ಯ ಕೆಟ್ಟ ಮೇಲೆ ಅಮಾಂಡಾ ಹಾರ್ವಿಯನ್ನು ಬಿಟ್ಟು ಫ್ಲಾರಿಡಾದ ಸೀಬ್ರಿಂಗ್‌ನಲ್ಲಿ ಆ ಊರಿನ ಸ್ಥಾಪಕ ಜಾರ್ಜ್ ಸೀಬ್ರಿಂಗ್ ಒದಗಿಸಿದ ಮನೆಗೆ ಹೋದರು. 1915ರ ಫೆಬ್ರವರಿ 24ರಂದು ಅಲ್ಲಿಯೇ ತೀರಿಕೊಂಡರು. ಹಾರ್ವಿಯ ಮನೆ ಹೆಣ್ಣುಮಕ್ಕಳ ಕೈಗಾರಿಕಾ ಶಾಲೆಯಾಗಿ ಕೆಲವು ವರ್ಷ ನಡೆಯಿತು. 1918ರ ನವೆಂಬರಿನಲ್ಲಿ ಅದಕ್ಕೆ ಬೆಂಕಿ ಬಿತ್ತು. ಇಬ್ಬರು ಹುಡುಗಿಯರು ಸತ್ತರು. ಮನೆಯನ್ನು ಮತ್ತೆ ತೆರೆಯಲಿಲ್ಲ.